ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲುತ್ತಿಲ್ಲವೇ?

ಪ್ರಶ್ನೆ: ಮಳೆಗಾಲ ಬಂತೆಂದರೆ ನಮ್ಮ ತೋಟದ ಲೈನ್ ಮನೆಗಳ ಮಕ್ಕಳಿಗೆ ವಾಂತಿ-ಭೇದಿ. ಆಶಾ ಕಾರ್ಯಕರ್ತೆ ಓಆರ್‌ಎಸ್ ಕೊಡುತ್ತಾರೆ. ಕುಡಿಸಿದರೂ ಭೇದಿ ನಿಲ್ಲುವುದಿಲ್ಲ. ಗ್ಲೂಕೋಸ್ ಬಾಟ್ಲಿ ಹಾಕಿಸಿದರೇ ಗುಣ ಅನ್ನುತ್ತಾರೆ ಹಿರಿಯರು. ಈ ಪುಡಿಯಿಂದಲೇ ಬಂಗಾಳದ ಡಾಕ್ಟರೊಬ್ಬರು ಸಾವಿರಾರು ಜನರನ್ನು ಉಳಿಸಿದರಂತೆ, ನಿಜವೇ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಜ. ಅವರು ಡಾ. ದಿಲೀಪ್ ಮಹಾಲನಬಿಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಕಿಕ್ಕಿರಿದಿದ್ದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿ, ಸಲೈನ್ ಬಾಟ್ಲಿಗಳು ಮುಗಿಯುತ್ತಾ ಬಂದವು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ಶೇ 30ರ ಆಸುಪಾಸಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಜನ ನಂಬಲೆಂದು ಅದನ್ನು ಅವರು ‘ಬಾಯಲ್ಲಿ ಕುಡಿಯುವ ಸಲೈನ್’ ಎನ್ನುತ್ತಿದ್ದರು. ನಿಮ್ಮ ಹಿರಿಯರಿಗೂ ಹಾಗೇ ಹೇಳಿ ನೋಡಿ. 2022ರಲ್ಲಿ ಅವರು ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಸಲ್ಲಬೇಕಿದ್ದ ಗೌರವ ಅದು.

ಓಆರ್‌ಎಸ್ ಭೇದಿ ನಿಲ್ಲಿಸುವ ಔಷಧಿಯಲ್ಲ. ಭೇದಿಯಲ್ಲಿ ಹೋದ ನೀರು, ಉಪ್ಪನ್ನು ಅದು ತುಂಬಿಕೊಡುತ್ತದೆ. ಗ್ಲೂಕೋಸ್ ಇದ್ದರೆ ಕರುಳು ಉಪ್ಪನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಒಳಗೆ ಹೋಗುತ್ತದೆ. ಆದ್ದರಿಂದ ಅಳತೆ ತಪ್ಪಬಾರದು. 20.5 ಗ್ರಾಂನ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್, ಕುದಿಸಿ ಆರಿಸಿದ ನೀರು. ಹಲವರು ದೊಡ್ಡ ಪೊಟ್ಟಣದಿಂದ ಅಂದಾಜಿಗೆ ಒಂದೆರಡು ಚಮಚ ತೆಗೆದು ಲೋಟಕ್ಕೆ ಹಾಕುತ್ತಾರೆ. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು. ನೀರು ಹೆಚ್ಚಾದರೆ ಪುಡಿಯ ಪ್ರಯೋಜನ ಸಿಗದು. ಸಕ್ಕರೆ, ಹಾಲು, ಜ್ಯೂಸ್ ಸೇರಿಸಬೇಡಿ. ಬೆರೆಸಿದ ಮೇಲೆ ಕುದಿಸಬೇಡಿ. 24 ಗಂಟೆ ಕಳೆದರೆ ಚೆಲ್ಲಿ.

ಪುಡಿ ಸಿಗದಿದ್ದರೆ ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ಆಗ 10 ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ ಕೊಡಿ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಜೊತೆಗೆ ಸತುವಿನ ಮಾತ್ರೆ: 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 2ರಿಂದ 6 ತಿಂಗಳವರೆಗೆ 10, ಭೇದಿ ನಿಂತರೂ 14 ದಿನ.

ಹಿರಿಯರ ಮಾತು ಸರಿಯಾಗುವ ಸಂದರ್ಭವೂ ಇದೆ. ಮಗು ಕುಡಿಯಲಾರದಷ್ಟು ಸುಸ್ತಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಮರಳಿದರೆ, ಮೂತ್ರ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆ ತಲುಪುವವರೆಗೂ ಕುಡಿಯುವ ಮಗುವಿಗೆ ಚಮಚದಲ್ಲಿ ಕೊಡುತ್ತಲೇ ಇರಿ. ಪ್ರಜ್ಞೆ ಇಲ್ಲದ ಮಗುವಿನ ಬಾಯಿಗೆ ಮಾತ್ರ ಏನೂ ಹಾಕಬೇಡಿ.