ಪ್ರವಾಸಿಗರಿಂದಾಗಿ ಬಾಲಿ ದ್ವೀಪದ ಸಂಸ್ಕೃತಿ ಹಾಳಾಗಿದೆಯೇ?

ಕುಟುಂಬದೊಂದಿಗೆ ಬಾಲಿಗೆ ಹೊರಟಿರುವ ತಾವು ಎರಡು ಮಾತು ಕೇಳಿದ್ದೀರಿ. ಅಲ್ಲಿನ ನೃತ್ಯ, ಪೂಜೆ, ಹಬ್ಬಗಳೆಲ್ಲ ಈಗ ಪ್ರವಾಸಿಗರಿಗೆಂದೇ ನಡೆಯುವ ಪ್ರದರ್ಶನಗಳೇ ಎಂಬುದು ಒಂದು. ನಾವು ಅಲ್ಲಿ ಖರ್ಚು ಮಾಡುವ ಹಣದಿಂದ ಊರಿನವರಿಗೆ ಒಳಿತಾಗುತ್ತದೆಯೇ ಎಂಬುದು ಇನ್ನೊಂದು. ಕೆಲಸದ ನಿಮಿತ್ತ ನಾನು ಎರಡು ವರ್ಷಕ್ಕೂ ಹೆಚ್ಚು ಕಾಲ ತಬನಾನ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಆ ಅನುಭವದಿಂದ ಹೇಳುವುದಾದರೆ, ಬಾಲಿಯ ಪೂಜೆಗೆ ಇನ್ನೂ ಕುಂದು ಬಂದಿಲ್ಲ, ಗದ್ದೆಗಳು ಮಾತ್ರ ಕಣ್ಣೆದುರೇ ಕರಗುತ್ತಿವೆ. ಆ ಪೂಜೆಯ ಬಹುಭಾಗ ಗದ್ದೆಗೂ ನೀರಿಗೂ ಕಟ್ಟಿಕೊಂಡಿರುವುದರಿಂದ ನನ್ನ ಆತಂಕವೆಲ್ಲ ಅಲ್ಲಿಯೇ ಇದೆ.

ಮೊದಲು ಪ್ರಮಾಣದ ಅಂದಾಜು ಇರಲಿ. ಬಾಲಿಯ ಜನಸಂಖ್ಯೆ ಸುಮಾರು 44 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರ ಸಂಖ್ಯೆ ಸುಮಾರು 63 ಲಕ್ಷ. ಇಂಡೊನೇಷ್ಯಾದ ಬೇರೆ ದ್ವೀಪಗಳಿಂದ ಬಂದವರು ಈ ಲೆಕ್ಕಕ್ಕೆ ಸೇರಿಲ್ಲ. ವಿದೇಶಿಯರಲ್ಲಿ ಆಸ್ಟ್ರೇಲಿಯಾದವರನ್ನು ಬಿಟ್ಟರೆ ನಮ್ಮ ದೇಶದವರೇ ಹೆಚ್ಚು. ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಾಲಿಯ ರಾಜಧಾನಿ ಡೆನ್‌ಪಸಾರ್‌ಗೆ ನೇರ ವಿಮಾನ ಆರಂಭವಾದ ಮೇಲಂತೂ ಉಬುದ್‌ನ ಬೀದಿಗಳಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವಲ್ಲ.

ಪೂಜೆಯ ವಿಚಾರಕ್ಕೆ ಬರುತ್ತೇನೆ. ಬಾಲಿಯ ಪ್ರತಿ ಹಳ್ಳಿಯಲ್ಲೂ ಬಂಜಾರ್ ಎಂಬ ನೆರೆಹೊರೆಯ ಕೂಟವಿದೆ. ಮದುವೆಯಾದ ದಂಪತಿ ಅದಕ್ಕೆ ಸೇರಲೇಬೇಕು. ದೇವಸ್ಥಾನದ ಉತ್ಸವವಿರಲಿ, ಯಾರದೋ ಮನೆಯ ಶವಸಂಸ್ಕಾರವಿರಲಿ, ಬಂಜಾರ್ ಕರೆದಾಗ ಹೋಗಿ ಕೂಲಿಯಿಲ್ಲದೆ ದುಡಿಯಬೇಕು. ಹಾಗೆ ದುಡಿಯದವನು ಸತ್ತಾಗ ಹೆಣ ಹೊರಲು ಯಾರೂ ಬರಲಾರರು ಎಂಬ ಭಯ ಅಲ್ಲಿ ಇಂದಿಗೂ ಜೀವಂತವಾಗಿದೆ. ನಾನಿದ್ದ ಮನೆಯ ಯಜಮಾನರ ಸೊಸೆ ಕಡಲತೀರದ ಹೋಟೆಲೊಂದರಲ್ಲಿ ಸ್ವಾಗತಕಾರಿಣಿಯಾಗಿದ್ದರು. ಬೆಳಿಗ್ಗೆ ಐದಕ್ಕೇ ಎದ್ದು ತೆಂಗಿನ ಗರಿಯಿಂದ ಅಂಗೈಯಗಲದ ಪುಟ್ಟ ತಟ್ಟೆಗಳನ್ನು ಹೆಣೆದು, ಹೂವು, ಅನ್ನದ ಅಗುಳು ಮತ್ತು ಊದುಬತ್ತಿಯನ್ನಿಟ್ಟು, ಮನೆಯ ಗುಡಿಯಿಂದ ಹಿಡಿದು ಬಾಗಿಲು, ಒಲೆ, ಕೊನೆಗೆ ತಮ್ಮ ಸ್ಕೂಟರಿನವರೆಗೆ ಎಲ್ಲಕ್ಕೂ ಅರ್ಪಿಸಿ ಆಮೇಲೆಯೇ ಅವರು ಕೆಲಸಕ್ಕೆ ಹೊರಡುತ್ತಿದ್ದರು. ಆ ಹಳ್ಳಿಗೆ ಪ್ರವಾಸಿಗರು ಬರುತ್ತಲೇ ಇರಲಿಲ್ಲ. ನೋಡುವವರಿಲ್ಲದ ಕಡೆ ದಿನವೂ ನಡೆಯುವುದನ್ನು ಪ್ರದರ್ಶನವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ನ್ಯೆಪಿ, ಅಂದರೆ ಬಾಲಿಯ ಹೊಸ ವರ್ಷದ ದಿನ. ಬಾಲಿಯವರೂ ನಮ್ಮಂತೆ ಶಕವರ್ಷವನ್ನೇ ಎಣಿಸುವುದರಿಂದ ಅವರ ಹೊಸ ವರ್ಷ ಎಷ್ಟೋ ಸಲ ನಮ್ಮ ಚಾಂದ್ರಮಾನ ಯುಗಾದಿಯ ದಿನವೇ ಬರುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೆ ಬಂದಿದ್ದವು. ನಾವು ಹೋಳಿಗೆ ಮಾಡಿ ಸಂಭ್ರಮಿಸುವ ಆ ದಿನ ಅವರು ಮೌನ ಆಚರಿಸುತ್ತಾರೆ. ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಬೆಂಕಿಯಿಲ್ಲ, ದೀಪವಿಲ್ಲ, ಕೆಲಸವಿಲ್ಲ, ಪಯಣವಿಲ್ಲ, ಮನರಂಜನೆಯಿಲ್ಲ. ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇಡೀ ದಿನ ಮುಚ್ಚಿರುತ್ತದೆ, 2018ರಿಂದ ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸುತ್ತಾರೆ, ಪ್ರವಾಸಿಗರು ಹೋಟೆಲಿನ ಆವರಣ ಬಿಟ್ಟು ಹೊರಬರುವಂತಿಲ್ಲ. ಪ್ರವಾಸೋದ್ಯಮವನ್ನೇ ನೆಚ್ಚಿದ ಒಂದು ದ್ವೀಪ ವರ್ಷಕ್ಕೊಂದು ದಿನ ಅದೇ ಉದ್ಯಮಕ್ಕೆ ಹೀಗೆ ಪೂರ್ತಿ ಬೀಗ ಹಾಕುವುದನ್ನು ನೋಡಿದ ಮೇಲೆ, ಈ ಸಮಾಜ ತನ್ನ ಹಿಡಿತವನ್ನು ಕಳೆದುಕೊಂಡಿದೆ ಎಂದು ನಾನು ಒಪ್ಪಲಾರೆ.

ನೃತ್ಯದ ವಿಷಯದಲ್ಲೂ ಅವರು ಮೊದಲೇ ಯೋಚಿಸಿದ್ದರು. 1971ರಲ್ಲಿ ಅಲ್ಲಿನ ಕಲಾವಿದರೂ ವಿದ್ವಾಂಸರೂ ಸೇರಿ ನೃತ್ಯಗಳನ್ನು ಮೂರಾಗಿ ವಿಂಗಡಿಸಿದರು: ದೇವಸ್ಥಾನದ ಒಳಾವರಣಕ್ಕೆ ಮೀಸಲಾದವು, ಉತ್ಸವದ ಅಂಗವಾಗಿ ನಡೆಯುವವು, ಕೇವಲ ಮನರಂಜನೆಯವು. ದುಡ್ಡಿಗೆ ಯಾವುದನ್ನು ಆಡಬಹುದು, ಯಾವುದನ್ನು ಆಡಕೂಡದು ಎಂಬ ಗೆರೆಯನ್ನು ಎಳೆಯುವುದೇ ಅದರ ಉದ್ದೇಶವಾಗಿತ್ತು. ಆ ಗೆರೆ ಎಲ್ಲ ಕಡೆಯೂ ಉಳಿದಿದೆ ಎನ್ನಲಾಗದು, ಆದರೆ ಅದು ಇದೆ. ತಾವು ಸಂಜೆ ನೋಡಲಿರುವ ಕೆಚಕ್, ಅಂದರೆ ಹತ್ತಾರು ಗಂಡಸರು ವೃತ್ತದಲ್ಲಿ ಕುಳಿತು ರಾಮಾಯಣಕ್ಕೆ ದನಿಗೂಡಿಸುವ ಆಟ, ಹಳೆಯ ಆವಾಹನೆಯ ಗಾಯನವೊಂದನ್ನು ಆಧರಿಸಿ 1930ರ ದಶಕದಲ್ಲಿ ಬಾಲಿಯ ನರ್ತಕರೂ ಜರ್ಮನ್ ಕಲಾವಿದ ವಾಲ್ಟರ್ ಸ್ಪೀಸ್ ಅವರೂ ಕೂಡಿ ಪ್ರೇಕ್ಷಕರಿಗಾಗಿ ರೂಪಿಸಿದ್ದು. ಪ್ರವಾಸಿಗರಿಗಾಗಿ ಹುಟ್ಟಿತೆಂಬ ಕಾರಣಕ್ಕೆ ಅದು ಸುಳ್ಳಾಗುವುದಿಲ್ಲ. ಅದನ್ನು ಆಡಿ ಬಂದ ಹಣದಿಂದ ಗುಡಿಯ ಮಾಡು ಹೊದಿಸಿದ ಬಂಜಾರ್‌ಗಳಿವೆ.

ಇಷ್ಟನ್ನು ಹೇಳುವಾಗ ಒಂದು ಕಹಿ ಇತಿಹಾಸವನ್ನು ಬಿಡಲು ಸಾಧ್ಯವಿಲ್ಲ. ಬಾಲಿ ಎಂದರೆ ನಗುಮುಖದ ಸ್ವರ್ಗ ಎಂಬ ಚಿತ್ರವನ್ನು ಬರೆದವರು ಬಾಲಿಯವರಲ್ಲ. 1906ರಲ್ಲಿ ಬದುಂಗ್‌ನಲ್ಲಿಯೂ 1908ರಲ್ಲಿ ಕ್ಲುಂಗ್‌ಕುಂಗ್‌ನಲ್ಲಿಯೂ ಡಚ್ಚರ ಸೇನೆಯ ಎದುರು ರಾಜಮನೆತನದವರು ಹೆಂಗಸರು ಮಕ್ಕಳೊಂದಿಗೆ ಬಿಳಿ ಬಟ್ಟೆಯುಟ್ಟು ಗುಂಡಿಗೆ ಎದೆಯೊಡ್ಡಿ ಸತ್ತರು. ಆ ಸುದ್ದಿ ಯುರೋಪಿನಲ್ಲಿ ತಂದ ಅಪಕೀರ್ತಿಯನ್ನು ತೊಳೆದುಕೊಳ್ಳಬೇಕಿದ್ದ ಡಚ್ ಆಡಳಿತ ದ್ವೀಪವನ್ನು ಒಂದು ಜೀವಂತ ವಸ್ತುಸಂಗ್ರಹಾಲಯದಂತೆ ಜಗತ್ತಿನೆದುರು ಇಟ್ಟಿತು. 1920ರ ದಶಕದಲ್ಲಿ ಡಚ್ ಹಡಗು ಕಂಪನಿಯೇ ಪ್ರವಾಸಿಗರನ್ನು ಕರೆತಂದು ಡೆನ್‌ಪಸಾರ್‌ನಲ್ಲಿ ಹೋಟೆಲು ಕಟ್ಟಿಸಿತು. ಮತ್ತೆ, 1965ರ ಕೊನೆಯಿಂದ 1966ರವರೆಗೆ ಕಮ್ಯುನಿಸ್ಟರೆಂಬ ಆಪಾದನೆಯ ಮೇಲೆ ಬಾಲಿಯಲ್ಲಿ ಕೊಲೆಯಾದವರು ಸುಮಾರು 80,000 ಮಂದಿ ಎಂಬುದು ಇತಿಹಾಸಕಾರರ ಅಂದಾಜು. ಸಾನೂರ್ ತೀರದಲ್ಲಿ ಹತ್ತು ಅಂತಸ್ತಿನ ಮೊದಲ ದೊಡ್ಡ ಹೋಟೆಲು ಬಾಗಿಲು ತೆರೆದದ್ದು ಆ 1966ರಲ್ಲೇ. ಈ ಎರಡು ಸಂಗತಿಗಳನ್ನು ಅಲ್ಲಿನ ಹಿರಿಯರು ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ನಾನು ಕೇಳಿದಾಗಲೆಲ್ಲ ಯಜಮಾನರು ಮಾತು ಬದಲಿಸುತ್ತಿದ್ದರು. ಆ ಕಟ್ಟಡದ ನಂತರ ತೆಂಗಿನ ಮರಕ್ಕಿಂತ ಎತ್ತರಕ್ಕೆ, ಅಂದರೆ 15 ಮೀಟರಿಗಿಂತ ಎತ್ತರಕ್ಕೆ ಕಟ್ಟಬಾರದು ಎಂಬ ನಿಯಮ ಬಂತು.

ಎತ್ತರಕ್ಕೆ ಮಿತಿ ಬಂದರೂ ಹರವಿಗೆ ಮಿತಿ ಬರಲಿಲ್ಲ. ಗದ್ದೆಯ ಕಥೆ ಅಲ್ಲಿಂದಲೇ ಶುರುವಾಗುತ್ತದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚು ಹೇಳುವುದಿದೆ. ನಾನು ತುಮಕೂರು ಜಿಲ್ಲೆಯವನು. ನಮ್ಮಜ್ಜ ಊರಿನ ಕೆರೆಗೆ ನೀರುಗಂಟಿಯಾಗಿದ್ದರು: ತೂಬು ಎತ್ತುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು, ಸುಗ್ಗಿಯಲ್ಲಿ ಪ್ರತಿ ಕಣದಿಂದ ತಮ್ಮ ಪಾಲಿನ ಕಾಳು ತರುವುದು. ಬಾಲಿಯಲ್ಲಿ ಆ ಕೆಲಸವನ್ನು ನಡೆಸುವ ಸಂಸ್ಥೆಯ ಹೆಸರು ಸುಬಕ್. ಒಂದೇ ಮೂಲದಿಂದ ನೀರು ಪಡೆಯುವ ಗದ್ದೆಗಳ ಒಡೆಯರೆಲ್ಲ ಒಂದು ಸುಬಕ್‌ಗೆ ಸೇರುತ್ತಾರೆ. ಪೆಕಾಸೆ ಎಂಬ ಮುಖ್ಯಸ್ಥನನ್ನು ತಾವೇ ಆರಿಸುತ್ತಾರೆ. ಕಾಲುವೆಗೆ ಅಡ್ಡಲಾಗಿ ಇಟ್ಟ ಮರದ ದಿಮ್ಮಿಯಲ್ಲಿ ಕಚ್ಚು ಕೊರೆದು ಯಾರ ಪಾಲಿಗೆ ಎಷ್ಟು ನೀರು ಹರಿಯಬೇಕೆಂಬುದನ್ನು ಗೊತ್ತು ಮಾಡುತ್ತಾರೆ. ಹನ್ನೊಂದನೆಯ ಶತಮಾನದ ಶಾಸನದಲ್ಲೇ ಈ ವ್ಯವಸ್ಥೆಯ ಹೆಸರು ಸಿಗುತ್ತದೆ. ಪ್ರತಿ ಸುಬಕ್‌ಗೂ ನೀರಿನ ಗುಡಿಯಿದೆ. ಅವೆಲ್ಲಕ್ಕೂ ಮೇಲೆ ಬಾತೂರ್ ಸರೋವರದ ದೇವಿಯ ದೇವಾಲಯವಿದೆ. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳು ಬಿಡಬೇಕು ಎಂಬುದು ಈ ಗುಡಿಗಳ ಉತ್ಸವದ ಕ್ರಮಕ್ಕೆ ಹೊಂದಿಕೊಂಡಿದೆ.

1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಸರ್ಕಾರ ಈ ಕ್ರಮವನ್ನು ಬದಿಗೊತ್ತಿ, ಬಿಡುವಿಲ್ಲದೆ ಹೊಸ ತಳಿಯ ಭತ್ತ ಬೆಳೆಯಲು ಹೇಳಿತು. ಕೆಲವೇ ವರ್ಷಗಳಲ್ಲಿ ನೀರಿನ ಜಗಳ ಹೆಚ್ಚಿತು, ಕಂದು ಜಿಗಿಹುಳು ಬೆಳೆಯನ್ನು ತಿಂದುಹಾಕಿತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಗಣಕದಲ್ಲಿ ಲೆಕ್ಕ ಹಾಕಿ ತೋರಿಸಿದ್ದು ರೈತರು ಮೊದಲೇ ಬಲ್ಲ ಸಂಗತಿಯನ್ನು: ಅಕ್ಕಪಕ್ಕದ ಗದ್ದೆಗಳೆಲ್ಲ ಒಟ್ಟಿಗೆ ಬೀಳು ಬಿದ್ದರೆ ಹುಳುಗಳಿಗೆ ಆಸರೆ ಸಿಗುವುದಿಲ್ಲ, ಆ ಕಾರಣಕ್ಕೇ ಮೇಲಿನ ಊರಿನವರು ಕೆಳಗಿನ ಊರಿಗೆ ನೀರು ಬಿಡಲು ಒಪ್ಪುತ್ತಾರೆ, ಏಕೆಂದರೆ ಕೆಳಗಿನವರು ಜೊತೆಗೂಡದಿದ್ದರೆ ಮೇಲಿನವರ ಬೆಳೆಗೂ ಉಳಿವಿಲ್ಲ. 2012ರಲ್ಲಿ ಯುನೆಸ್ಕೊ ಜತಿಲುವಿಹ್‌ನ ಮೆಟ್ಟಿಲು ಗದ್ದೆಗಳೂ ಸೇರಿದಂತೆ ಈ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂಥ ವ್ಯವಸ್ಥೆಯ ನಡುವೆ ಒಂದು ವಿಲ್ಲಾ ಎದ್ದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಹಳ್ಳಿಯಲ್ಲೇ ನೋಡಿದೆ. ವಿದೇಶಿಯರು ಅಲ್ಲಿ ಜಮೀನಿನ ಪೂರ್ಣ ಒಡೆತನ ಪಡೆಯುವಂತಿಲ್ಲ, ಆದ್ದರಿಂದ ಇಪ್ಪತ್ತೈದು ಮೂವತ್ತು ವರ್ಷಕ್ಕೆ ಗುತ್ತಿಗೆ ಹಿಡಿಯುತ್ತಾರೆ. ಒಬ್ಬ ರೈತ ಹಾಗೆ ತನ್ನ ಗದ್ದೆಯನ್ನು ಕೊಟ್ಟ. ಕಾಂಪೌಂಡು ಗೋಡೆ ಬಂದಾಗ ಅದರಡಿ ಹಾದುಹೋಗುತ್ತಿದ್ದ ಸಣ್ಣ ಕಾಲುವೆಗೆ ಕೊಳವೆ ಹಾಕಿದರು. ಮೊದಲ ಮಳೆಗಾಲದಲ್ಲೇ ಅದು ಕಟ್ಟಿಕೊಂಡಿತು. ಕೆಳಗಿನ ಮೂರು ಗದ್ದೆಗಳಿಗೆ ನೀರು ತಪ್ಪಿತು. ಸುತ್ತಲಿನ ಭೂಮಿಯ ಬೆಲೆ ಏರಿದಂತೆ ಭೂತೆರಿಗೆಯೂ ಏರಿತು. ನೀರಿಲ್ಲದ ಗದ್ದೆಗೆ ಏರಿದ ತೆರಿಗೆ ಕಟ್ಟಲಾಗದೆ ಆ ಮೂವರಲ್ಲಿ ಇಬ್ಬರು ಮರುವರ್ಷ ತಾವೂ ಗುತ್ತಿಗೆಗೆ ಕೊಟ್ಟರು. ಅವರನ್ನು ದುರಾಸೆಯವರೆಂದು ದೂರುವುದು ಅನ್ಯಾಯ. ಕುತಾದಿಂದ ಚಂಗುವರೆಗಿನ ಕರಾವಳಿಯುದ್ದಕ್ಕೂ ಗದ್ದೆಗಳು ಮರೆಯಾಗಿರುವುದು ಹೆಚ್ಚುಕಡಿಮೆ ಹೀಗೆಯೇ. ಇದರ ಜೊತೆಗೆ ಹೋಟೆಲುಗಳ ಕೊಳವೆಬಾವಿಗಳಿವೆ. ದಕ್ಷಿಣದ ತೀರದಲ್ಲಿ ಅಂತರ್ಜಲ ಇಳಿದು ಬಾವಿಗಳಿಗೆ ಉಪ್ಪುನೀರು ನುಗ್ಗುತ್ತಿದೆ. ನಮ್ಮೂರಿನಲ್ಲಿಯೂ ಕೊಳವೆಬಾವಿ ಬಂದ ಮೇಲೆ ಕೆರೆಯ ಹೂಳು ಯಾರಿಗೂ ಬೇಡವಾಯಿತು, ತೂಬಿನ ಬಳಿ ಅಜ್ಜನಿಗೆ ಕೆಲಸ ಉಳಿಯಲಿಲ್ಲ. ಅದನ್ನು ಕಂಡವನಿಗೆ ಬಾಲಿಯ ಪೆಕಾಸೆ ಒಣಗಿದ ಕಾಲುವೆಯ ದಂಡೆಯಲ್ಲಿ ಸುಮ್ಮನೆ ನಿಂತಿದ್ದನ್ನು ನೋಡುವುದು ಸುಲಭವಾಗಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಡೆನ್‌ಪಸಾರ್ ಸುತ್ತಮುತ್ತ ಪ್ರವಾಹ ಬಂದು ಹತ್ತಾರು ಜನ ಪ್ರಾಣ ಕಳೆದುಕೊಂಡಾಗ, ಗದ್ದೆಗಳನ್ನು ಕಟ್ಟಡಗಳಿಗೆ ಬಿಟ್ಟುಕೊಟ್ಟದ್ದರ ಬಗ್ಗೆ ಅಲ್ಲಿನ ಸರ್ಕಾರವೂ ಮಾತನಾಡಬೇಕಾಯಿತು.

ಎರಡನೆಯ ಪ್ರಶ್ನೆ ಹಣದ್ದು. ಒಳಿತಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಯಜಮಾನರ ಮಕ್ಕಳು ಓದಿದ್ದು, ಮನೆಗೆ ಹೆಂಚು ಬಂದದ್ದು ಹೋಟೆಲಿನ ಸಂಬಳದಿಂದಲೇ. ಆದರೆ ಆ ಸಂಬಳದ ಕೆಲಸದಲ್ಲಿಯೂ ಬಾಲಿಯವರಿಗೆ ಒಂದು ತೊಡಕಿದೆ. ಬಂಜಾರ್ ಕರೆದಾಗಲೆಲ್ಲ ರಜೆ ಕೇಳುವವರೆಂದು ಕೆಲವು ಮಾಲೀಕರು ಬೇರೆ ದ್ವೀಪದವರನ್ನೇ ಆರಿಸಿಕೊಳ್ಳುತ್ತಾರೆ. ಯಾವ ಸಂಪ್ರದಾಯದ ಚಿತ್ರ ತೋರಿಸಿ ಕೋಣೆಗಳನ್ನು ತುಂಬಿಸುತ್ತಾರೋ ಆ ಸಂಪ್ರದಾಯವನ್ನು ನಡೆಸುವುದೇ ಕೆಲಸಗಾರನ ಅನರ್ಹತೆಯಾಗುವುದು ನನಗೆ ಅತ್ಯಂತ ಅನ್ಯಾಯವೆನಿಸಿತು. ಇನ್ನೊಂದು, ಒಂದೇ ಕಂಬಕ್ಕೆ ಇಡೀ ಮಾಡನ್ನು ಹೊರಿಸಿದ ಅಪಾಯ. 2002ರ ಅಕ್ಟೋಬರ್ 12ರಂದು ಕುತಾದಲ್ಲಿ ಬಾಂಬು ಸ್ಫೋಟದಲ್ಲಿ 202 ಮಂದಿ ಸತ್ತಾಗ ಹೋಟೆಲುಗಳು ಬರಿದಾದವು. ಕೋವಿಡ್ ಕಾಲದಲ್ಲಿ, 2021ರ ಇಡೀ ವರ್ಷ ಬಂದ ವಿದೇಶಿ ಪ್ರವಾಸಿಗರು ಅಧಿಕೃತ ಲೆಕ್ಕದಲ್ಲಿ ನೂರಕ್ಕೂ ಕಡಿಮೆ. ಆಗ ಲೆಂಬೊಂಗನ್ ದ್ವೀಪದವರು ಬಿಟ್ಟುಬಿಟ್ಟಿದ್ದ ಕಡಲಪಾಚಿಯ ಕೃಷಿಗೆ ಮರಳಿದರು, ಗದ್ದೆ ಉಳಿಸಿಕೊಂಡಿದ್ದವರು ಗದ್ದೆಗೆ ಮರಳಿದರು. ಗುತ್ತಿಗೆಗೆ ಕೊಟ್ಟವರಿಗೆ ಮರಳಲು ಜಾಗವಿರಲಿಲ್ಲ.

ತಾವು ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. 2024ರ ಫೆಬ್ರುವರಿಯಿಂದ ಪ್ರತಿ ವಿದೇಶಿ ಪ್ರವಾಸಿ ಇಂಡೊನೇಷ್ಯಾದ 1,50,000 ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ, ಶುಲ್ಕ ಕೊಡಬೇಕು. ಸಂಸ್ಕೃತಿ ಮತ್ತು ಪರಿಸರದ ರಕ್ಷಣೆಗೆಂದು ಸಂಗ್ರಹಿಸುವ ಹಣವದು, ಅದನ್ನು ತಪ್ಪಿಸಿಕೊಳ್ಳಬೇಡಿ. ಗದ್ದೆಯ ನಡುವೆ ಖಾಸಗಿ ಈಜುಕೊಳವಿರುವ ವಿಲ್ಲಾದ ಬದಲು ಊರೊಳಗೆ ಬಾಲಿಯ ಕುಟುಂಬವೇ ತನ್ನ ಮನೆಯಂಗಳದಲ್ಲಿ ಕೊಡುವ ಕೋಣೆಗಳಲ್ಲಿ ಇಳಿದುಕೊಳ್ಳಿ. ಉಬುದ್‌ನಲ್ಲಿ ಅಂಥವು ಬಹಳ ಇವೆ, ಹಣ ನೇರವಾಗಿ ಮನೆಯವರ ಕೈ ಸೇರುತ್ತದೆ. ಜತಿಲುವಿಹ್‌ಗೆ ಹೋದಾಗ ಫೋಟೊಗೋಸ್ಕರ ಬದು ಬಿಟ್ಟು ಸಸಿಮಡಿಯೊಳಗೆ ಕಾಲಿಡುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅವರಲ್ಲಿ ನಮ್ಮವರೂ ಇದ್ದರು; ಮಕ್ಕಳಿಗೆ ಮೊದಲೇ ತಿಳಿಹೇಳಿ. ಬದುವಿನ ಮೇಲೆ ಸಣ್ಣ ಬಿದಿರಿನ ಗುಡಿ ಕಂಡರೆ ಅದರ ಪಕ್ಕದಲ್ಲಿ ನೀರು ಒಡೆಯುವ ದಿಮ್ಮಿಯೂ ಇರಬಹುದು. ಹತ್ತಿರದಲ್ಲಿ ರೈತರಿದ್ದರೆ ಯಾವ ಕಚ್ಚು ಯಾರ ಗದ್ದೆಯದೆಂದು ಕೇಳಿ. ಭಾಷೆ ಬಾರದಿದ್ದರೂ ಅವರು ಕೈ ಮಾಡಿ ತೋರಿಸುತ್ತಾರೆ, ನನಗೆ ಮೊದಲ ವಾರ ತೋರಿಸಿದ್ದೂ ಹಾಗೆಯೇ.