ಸ್ಟ್ರಮ್ಮರ್‌ಗೊಂದು ದಿನ, ಅಶ್ವತ್ಥರಿಗೊಂದು ದಿನ

ಓದುಗರ ಪತ್ರ: "ನಿಮ್ಮ ಡಿಸೆಂಬರ್ ಸಂಚಿಕೆಯಲ್ಲಿ ಜೋ ಸ್ಟ್ರಮ್ಮರ್ ಎಂಬ ಇಂಗ್ಲಿಷ್ ರಾಕ್ ಗಾಯಕನ ನೆನಪಿಗೆ ರೇಡಿಯೊಗಳು ನಡೆಸುವ ಕಾರ್ಯಕ್ರಮಗಳ ಬಗ್ಗೆ ಎರಡು ಪುಟದ ಲೇಖನವಿದೆ. ಆತ ತೀರಿಕೊಂಡದ್ದು ಡಿಸೆಂಬರ್ 22ರಂದು. ಅದಾದ ಒಂದೇ ವಾರಕ್ಕೆ, 29ರಂದು, ನಮ್ಮ ಸಿ. ಅಶ್ವತ್ಥ್ ಹುಟ್ಟಿದ ದಿನ. ಅವರು ಅಗಲಿದ ದಿನವೂ ಅದೇ. ಅವರ ಬಗ್ಗೆ ಆ ಸಂಚಿಕೆಯಲ್ಲಿ ಒಂದು ಸಾಲೂ ಇಲ್ಲ. ಸತ್ತವರ ಹಾಡು ಹಾಕಿ ಕಣ್ಣೊರೆಸಿಕೊಳ್ಳುವ ರೇಡಿಯೊ ವ್ಯಾಪಾರಕ್ಕೆ ಕನ್ನಡ ಮಾಸಿಕವೊಂದು ಏಕೆ ಜಾಗ ಕೊಡಬೇಕು? ಬೇಕಾದ ಹಾಡೆಲ್ಲ ಮೊಬೈಲಿನಲ್ಲೇ ಸಿಗುವಾಗ ಇದೆಲ್ಲ ಯಾರಿಗಾಗಿ?" – ಧಾರವಾಡದ ಓದುಗರೊಬ್ಬರು

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಹುಟ್ಟಿರುವುದು ಅಶ್ವತ್ಥರ ಮೇಲಿನ ಪ್ರೀತಿಯಿಂದ. ಅಂಥ ಪತ್ರಕ್ಕೆ ಎರಡು ಸಾಲಿನ ಉತ್ತರ ಬರೆದು ಮುಗಿಸಲು ನನಗೆ ಮನಸ್ಸಿಲ್ಲ.

ಮೊದಲು 'ವ್ಯಾಪಾರ'ದ ಮಾತು. ಅದು ಇಲ್ಲವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಸ್ಟ್ರಮ್ಮರ್ ಹಾಡುತ್ತಿದ್ದ 'ದಿ ಕ್ಲ್ಯಾಶ್' ತಂಡಕ್ಕೆ ಬ್ರಿಟನ್ನಿನಲ್ಲಿ ಹೆಚ್ಚು ಮಾರಾಟವಾಗುವ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 1991ರಲ್ಲಿ, ಅದೂ ಹಳೆಯ ಹಾಡೊಂದು ಜೀನ್ಸ್ ಜಾಹೀರಾತಿನಲ್ಲಿ ಬಳಕೆಯಾದ ಮೇಲೆ. ಅಷ್ಟರಲ್ಲಿ ತಂಡವೇ ಇರಲಿಲ್ಲ. ಆದರೆ ಇದೇ ತಂಡ 1980ರಲ್ಲಿ 36 ಹಾಡುಗಳ ಮೂರು ತಟ್ಟೆಗಳ ಆಲ್ಬಮ್ಮನ್ನು ಒಂದರ ಬೆಲೆಗೆ ಮಾರಬೇಕೆಂದು ಹಟ ಹಿಡಿದಿತ್ತು. ಬ್ರಿಟನ್ನಿನಲ್ಲಿ ಮಾರಾಟವಾಗುವ ಮೊದಲ ಎರಡು ಲಕ್ಷ ಪ್ರತಿಗಳ ರಾಯಧನವನ್ನು ಅದಕ್ಕಾಗಿ ಬಿಟ್ಟುಕೊಟ್ಟಿತ್ತು. ಸ್ಟ್ರಮ್ಮರ್ ಸಾಯುವುದಕ್ಕೆ ಕೆಲವೇ ವಾರಗಳ ಮೊದಲು, 2002ರ ನವೆಂಬರ್ 15ರಂದು, ಲಂಡನ್ನಿನ ಆ್ಯಕ್ಟನ್ ಟೌನ್‌ಹಾಲ್‌ನಲ್ಲಿ ಹಾಡಿದ್ದು ಮುಷ್ಕರ ಹೂಡಿದ್ದ ಅಗ್ನಿಶಾಮಕ ಸಿಬ್ಬಂದಿಯ ನೆರವಿಗೆ. ಹಳೆಯ ಜೊತೆಗಾರ ಮಿಕ್ ಜೋನ್ಸ್ ಅಂದು ಪ್ರೇಕ್ಷಕರ ನಡುವಿನಿಂದ ಎದ್ದು ಬಂದು ಗಿಟಾರ್ ಹಿಡಿದರು. ಸುಮಾರು ಎರಡು ದಶಕಗಳ ನಂತರ ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತಿದ್ದರು. ಇಂಥ ಮನುಷ್ಯನನ್ನು ರೇಡಿಯೊ ಹೇಗೆ ನೆನೆಯಬೇಕು ಎಂಬುದೇ ನಮ್ಮ ಲೇಖನದ ಪ್ರಶ್ನೆಯಾಗಿತ್ತು.

ಆ ಪ್ರಶ್ನೆಗೆ ಕಾರಣವಿದೆ. ಸ್ಟ್ರಮ್ಮರ್ ಬದುಕಿನುದ್ದಕ್ಕೂ ರೇಡಿಯೊದೊಂದಿಗೆ ಜಗಳವಾಡಿದವರು, ಅಷ್ಟೇ ಗಾಢವಾಗಿ ಅದನ್ನು ಪ್ರೀತಿಸಿದವರು. ನಿಜನಾಮ ಜಾನ್ ಗ್ರಹಾಂ ಮೆಲರ್. ಹುಟ್ಟಿದ್ದು 1952ರಲ್ಲಿ, ಟರ್ಕಿಯ ಅಂಕಾರಾದಲ್ಲಿ. ತಂದೆ ಬ್ರಿಟಿಷ್ ವಿದೇಶಾಂಗ ಸೇವೆಯಲ್ಲಿದ್ದವರು, ನಮ್ಮ ಲಖನೌದಲ್ಲಿ ಹುಟ್ಟಿದವರು. ಕೈರೊ, ಮೆಕ್ಸಿಕೊ ನಗರ, ಬಾನ್ ಎಂದು ಊರೂರು ಸುತ್ತಿದ ಮೇಲೆ ಒಂಬತ್ತನೆಯ ವಯಸ್ಸಿಗೆ ಹುಡುಗ ಇಂಗ್ಲೆಂಡಿನ ವಸತಿ ಶಾಲೆ ಸೇರಿದ. ಅಪ್ಪ ಅಮ್ಮನನ್ನು ನೋಡುತ್ತಿದ್ದುದು ವರ್ಷಕ್ಕೆ ಒಮ್ಮೆಯೋ ಎರಡು ಸಲವೋ. ಆ ಶಾಲೆಯಲ್ಲಿದ್ದ ಮರದ ದೊಡ್ಡ ರೇಡಿಯೊದಿಂದ ರೋಲಿಂಗ್ ಸ್ಟೋನ್ಸ್ ಹಾಡು ಹೊರಬಿದ್ದ ಗಳಿಗೆಯೇ ತನ್ನನ್ನು ಸಂಗೀತದ ಕಡೆಗೆ ಎಳೆಯಿತೆಂದು ಅವರು ಮುಂದೆ ಹೇಳಿಕೊಂಡರು.

ಹೀಗೆ ರೇಡಿಯೊದ ಉಪಕಾರ ಹೊತ್ತವರು 1977ರಲ್ಲಿ ಲಂಡನ್ನಿನ ವಾಣಿಜ್ಯ ಕೇಂದ್ರ ಕ್ಯಾಪಿಟಲ್ ರೇಡಿಯೊವನ್ನು ಹೆಸರು ಹಿಡಿದೇ ಹಾಡಿನಲ್ಲಿ ಬೈದರು. ಊರಿನ ಬೀದಿಗಳಲ್ಲಿ ಇಷ್ಟೆಲ್ಲ ಸಂಗೀತ ಹುಟ್ಟುತ್ತಿರುವಾಗ ಇವರು ಗೆದ್ದ ಹಾಡುಗಳನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಾರೆ ಎಂಬುದು ಆಕ್ಷೇಪ. 1981ರಲ್ಲಿ ತಂಡ ತನ್ನನ್ನೇ ಒಂದು ಕಳ್ಳ ರೇಡಿಯೊ ಕೇಂದ್ರವೆಂದು ಕಲ್ಪಿಸಿಕೊಂಡು ಮತ್ತೊಂದು ಹಾಡು ಕಟ್ಟಿತು. ಕೊನೆಗೆ 1998ರಿಂದ 2001ರವರೆಗೆ ಸ್ಟ್ರಮ್ಮರ್ ಬಿಬಿಸಿ ವರ್ಲ್ಡ್ ಸರ್ವೀಸ್‌ನಲ್ಲಿ ತಾವೇ ನಿರೂಪಕರಾಗಿ ಕುಳಿತರು. ಶಾರ್ಟ್‌ವೇವ್ ಸೆಟ್ ಇದ್ದ ಭಾರತದ ಕೇಳುಗರಿಗೂ ಆಗ ಆ ಸೇವೆ ತಲುಪುತ್ತಿತ್ತು.

ಅಲ್ಲಿ ಅವರು ಹಾಕಿದ್ದೇನು? ಎಲ್ವಿಸ್ ಪ್ರೀಸ್ಲಿ ಇದ್ದರು, ಬಾಬ್ ಡಿಲನ್ ಇದ್ದರು, ನೀನಾ ಸಿಮೋನ್ ಇದ್ದರು. ಜಮೈಕಾದ ಯು-ರಾಯ್ ಕೂಡ ಇದ್ದರು. ಕೊಲಂಬಿಯಾದ ಆಂದ್ರೆಸ್ ಲಾಂದೆರೊ ಅಕಾರ್ಡಿಯನ್ ಹಿಡಿದು ನುಡಿಸುವ ಕುಂಬಿಯಾ ಕುಣಿತದ ಹಾಡೂ ಇತ್ತು. ತಾನು ಪ್ರೀತಿಸಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕದೆ ಇರಲಾರದ ಚಡಪಡಿಕೆ ಆ ದನಿಯಲ್ಲಿ ಕೇಳಿಸುತ್ತದೆ. 2007ರಲ್ಲಿ ನಿರ್ದೇಶಕ ಜೂಲಿಯನ್ ಟೆಂಪಲ್ ಸ್ಟ್ರಮ್ಮರ್ ಬಗ್ಗೆ ಸಾಕ್ಷ್ಯಚಿತ್ರ ಮಾಡಿದಾಗ ಇದೇ ಪ್ರಸಾರಗಳ ಧ್ವನಿಯನ್ನು ಕಥೆಯ ಸೂತ್ರವಾಗಿ ಬಳಸಿದರು. ಸತ್ತು ನಾಲ್ಕೈದು ವರ್ಷವಾಗಿದ್ದ ಮನುಷ್ಯ ತನ್ನದೇ ಚಿತ್ರದಲ್ಲಿ ರೇಡಿಯೊ ನಿರೂಪಕನಾಗಿ ಒಂದಾದ ಮೇಲೊಂದು ಹಾಡು ಪರಿಚಯಿಸುತ್ತಾ ಹೋಗುತ್ತಾರೆ. ನಾನು ಕಂಡ ಶ್ರದ್ಧಾಂಜಲಿಗಳಲ್ಲಿ ಅದಕ್ಕಿಂತ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದಿಲ್ಲ.

ಅಂಥವರ ನೆನಪಿಗೆಂದು ಹೆಸರಾದ ಮೂರು ಹಾಡು ಹಾಕಿ, ಗಣ್ಯರ ಎರಡು ಸಂತಾಪ ಓದಿ, ಜಾಹೀರಾತಿಗೆ ಹೋಗಿಬಿಡುವುದು ಅವರಿಗೆ ಮಾಡುವ ಅನ್ಯಾಯ. ಅಂಥ ಕಾರ್ಯಕ್ರಮಗಳೂ ನಡೆಯುತ್ತವೆ, ಅಲ್ಲಿಯೂ ಇಲ್ಲಿಯೂ. ನಿಮ್ಮ ಟೀಕೆ ಅವುಗಳ ಮೇಲಾದರೆ ನಾನು ನಿಮ್ಮ ಪಕ್ಷ.

ನಮ್ಮ ಲೇಖನದಲ್ಲಿದ್ದ ಅಮೆರಿಕದ ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊ ಕೇಂದ್ರದ ರೀತಿ ಬೇರೆ. ವಿದ್ಯಾರ್ಥಿಗಳ ರೇಡಿಯೊ ಆಗಿ 1972ರಲ್ಲಿ ಶುರುವಾದ, ಇಂದು ಬಹುಮಟ್ಟಿಗೆ ಕೇಳುಗರ ದೇಣಿಗೆಯಿಂದ ನಡೆಯುವ ಕೇಂದ್ರ ಅದು. 2013ರ ಫೆಬ್ರುವರಿ 7ರಂದು ಅದರ ಬೆಳಗಿನ ನಿರೂಪಕ ಜಾನ್ ರಿಚರ್ಡ್ಸ್ 'ಅಂತರರಾಷ್ಟ್ರೀಯ ಕ್ಲ್ಯಾಶ್ ದಿನ'ವನ್ನು ಆರಂಭಿಸಿದರು. ಈಗ ಬೇರೆ ಬೇರೆ ದೇಶಗಳ ಕೇಂದ್ರಗಳೂ ಧ್ವನಿಮುದ್ರಿಕೆಯ ಅಂಗಡಿಗಳೂ ಅದರಲ್ಲಿ ಸೇರುತ್ತವೆ. ಸಿಯಾಟಲ್ ನಗರಾಡಳಿತ ಆ ದಿನವನ್ನು ಅಧಿಕೃತವಾಗಿ ಘೋಷಿಸಿದ್ದೂ ಉಂಟು. ಗಮನಿಸಿ, ಫೆಬ್ರುವರಿ 7 ಸ್ಟ್ರಮ್ಮರ್ ಹುಟ್ಟಿದ ದಿನವೂ ಅಲ್ಲ, ಸತ್ತ ದಿನವೂ ಅಲ್ಲ. ಪಂಚಾಂಗ ನೋಡಿ ಮಾಡಿದ ಶ್ರಾದ್ಧ ಅದಲ್ಲ.

ಅಂದು ಕ್ಲ್ಯಾಶ್ ಹಾಡುಗಳ ಜೊತೆಗೆ ಅವು ಹುಟ್ಟಿದ ಬೇರುಗಳೂ, ಅವುಗಳಿಂದ ಚಿಗುರಿದ್ದೂ ಬಾನಿಗೇರುತ್ತವೆ. ತಂಡ ತನ್ನ ಮೊದಲ ಆಲ್ಬಮ್ಮಿನಲ್ಲಿ 'ಪೊಲೀಸ್ ಆ್ಯಂಡ್ ಥೀವ್ಸ್' ಎಂಬ ಹಾಡನ್ನು ಒರಟಾಗಿ ಹಾಡಿತ್ತು. ಅದರ ಮೂಲ ಜಮೈಕಾದ ಜೂನಿಯರ್ ಮರ್ವಿನ್ ಅವರದು. ಗಾಳಿಯಲ್ಲಿ ತೇಲುವಂಥ ತೆಳು ಕಂಠ. ಎರಡನ್ನೂ ಒಂದರ ಬೆನ್ನಿಗೆ ಒಂದು ಕೇಳಿದವರಿಗೆ ಲಂಡನ್ನಿನ ಆ ಹುಡುಗರು ಯಾರಿಂದ ಏನು ಪಡೆದರೆಂಬುದು ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿಯುತ್ತದೆ. ಇನ್ನೊಂದು ಎಳೆ ನಮ್ಮ ಕಡೆಗೇ ಬರುತ್ತದೆ. ವಲಸಿಗರ ಪಾಡನ್ನು, ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರು ಬಿಟ್ಟುಹೋದ ಮಕ್ಕಳ ಪಾಡನ್ನು ಹೇಳುವ 1982ರ ಹಾಡೊಂದಿದೆ, 'ಸ್ಟ್ರೇಟ್ ಟು ಹೆಲ್'. ಅದರ ಗಿಟಾರ್ ಎಳೆಯನ್ನು ಲಂಡನ್ನಿನ ಶ್ರೀಲಂಕಾ ಮೂಲದ ತಮಿಳು ಕಲಾವಿದೆ ಎಂ.ಐ.ಎ. ತಮ್ಮ 'ಪೇಪರ್ ಪ್ಲೇನ್ಸ್'ನಲ್ಲಿ ಹೊಸೆದುಕೊಂಡರು. 'ಸ್ಲಮ್‌ಡಾಗ್ ಮಿಲಿಯನೇರ್' ಚಿತ್ರದಲ್ಲಿ ಹುಡುಗರು ರೈಲಿನಲ್ಲಿ ಅಲೆಯುವಾಗ ಕೇಳುವ ಹಾಡು ಅದೇ. ಆ ಚಿತ್ರ ನೋಡಿದ್ದರೆ, ಸ್ಟ್ರಮ್ಮರ್ ತಂಡದ ನಾದ ನಿಮ್ಮ ಕಿವಿಯೊಳಗೂ ಬಂದು ಹೋಗಿದೆ.

ಮೊಬೈಲಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಹೆಸರು ಗೊತ್ತಿರುವ ಹಾಡು ಅಲ್ಲಿ ಸಿಗುತ್ತದೆ, ಸರಿ. ಹೆಸರೇ ಕೇಳದ ಲಾಂದೆರೊ ಅವರನ್ನು ಎಲ್ವಿಸ್ ಪಕ್ಕದಲ್ಲಿ ಕೂರಿಸಿ, "ಇದನ್ನೂ ಕೇಳಿ" ಎಂದು ಒತ್ತಾಯಿಸಲು ಒಬ್ಬ ಮನುಷ್ಯ ಬೇಕು. ಅವನಿಗೆ ಹುಚ್ಚು ಪ್ರೀತಿಯೂ ಇರಬೇಕು, ಕೂತು ಸಂಪಾದಿಸಿದ ತಿಳಿವಳಿಕೆಯೂ ಇರಬೇಕು.

ಈಗ ಅಶ್ವತ್ಥರಿಗೆ ಬರುತ್ತೇನೆ. ಸ್ಟ್ರಮ್ಮರ್ ಬಗ್ಗೆ ಬರೆದರೆ ಅಶ್ವತ್ಥರ ಪಾಲಿನ ಪುಟ ಕಡಿಮೆಯಾಯಿತೆಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆದರೆ ಅವರಿಗೂ ಇಂಥದೊಂದು ದಿನ ಬೇಕೆಂದು ನಿಮ್ಮಷ್ಟೇ ಹಂಬಲಿಸುತ್ತೇನೆ. ಡಿಸೆಂಬರ್ 29 ಬಂದಾಗ ಅವರ ನಾಲ್ಕು ಜನಪ್ರಿಯ ಗೀತೆ ಹಾಕಿ ಮುಗಿಸುವುದಲ್ಲ, ಬೆಳಗಿನಿಂದ ರಾತ್ರಿಯವರೆಗೆ ಇಡೀ ದಿನ. ಶಿಶುನಾಳ ಷರೀಫರ ತತ್ವಪದವನ್ನು ಮೊದಲು ಹಳ್ಳಿಯ ಭಜನಾ ಮೇಳದವರ ಬಾಯಲ್ಲಿ ಕೇಳಿಸಬೇಕು, ಆಮೇಲೆ ಅಶ್ವತ್ಥರ ಆ ಗುಡುಗುವ ಕಂಠದಲ್ಲಿ. ಅವರಿಗಿಂತ ಮೊದಲು ಕವಿತೆಯನ್ನು ಜನರ ನಾಲಿಗೆಗೆ ತಂದ ಪಿ. ಕಾಳಿಂಗರಾಯರು ಇರಬೇಕು, ಮೈಸೂರು ಅನಂತಸ್ವಾಮಿ ಇರಬೇಕು. ನಿಮ್ಮ ಊರಿನ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನವೂ ಇರಬೇಕು. ಕನ್ನಡದ ಮಾತನ್ನು ರಾಗ ಎಷ್ಟು ದೂರ ಕೊಂಡೊಯ್ಯಬಲ್ಲದೆಂದು ಅದನ್ನು ಕೇಳಿಯೇ ತಿಳಿಯಬೇಕು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಗಾಯನವನ್ನು ಅವಸರವಿಲ್ಲದೆ ಕೇಳಿಸಬೇಕು. ಅಶ್ವತ್ಥರು ಹೊಸ ಕವಿತೆಗೆ ರಾಗ ಹುಡುಕುವುದನ್ನು ಹತ್ತಿರದಿಂದ ಕಂಡ ವಾದ್ಯಗಾರರು ನಮ್ಮ ನಡುವೆ ಇರುವಾಗಲೇ ಅವರನ್ನು ಕರೆಸಿ ಮಾತನಾಡಿಸಬೇಕು.

ಧಾರವಾಡದಲ್ಲಿ 1950ರಿಂದ ಆಕಾಶವಾಣಿ ಕೇಂದ್ರವಿದೆ, ಅದನ್ನು ಕೇಳುತ್ತಾ ಬೆಳೆದ ನಿಮ್ಮಂಥವರಿದ್ದೀರಿ. ಅಂಥ ದಿನದ ಮೊದಲ ಒಂದು ಗಂಟೆಗೆ ಯಾವ ಹಾಡುಗಳು, ಯಾವ ಕ್ರಮದಲ್ಲಿ ಬರಬೇಕೆಂದು ನೀವು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ, ಬೇರೆ ಓದುಗರಿಂದಲೂ ಪಟ್ಟಿ ಕೇಳುತ್ತೇವೆ. ಬಂದದ್ದನ್ನೆಲ್ಲ ಒಟ್ಟು ಮಾಡಿ ಪತ್ರಿಕೆಯ ಹೆಸರಿನಲ್ಲೇ ಆಕಾಶವಾಣಿಗೆ ಕಳಿಸುತ್ತೇವೆ.