ವಿಜಯಪುರದಲ್ಲಿ ಬಿಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ಓದ್ತಿದ್ದೀನಿ. ಪ್ರಾಣಿಗಳ ದೃಷ್ಟಿ ಮೇಲೆ ಸಂಶೋಧನೆ ಮಾಡೋಕೆ ವಿದೇಶಕ್ಕೇ ಹೋಗಬೇಕಾ?

ನನ್ನದೂ ಸಿಬಿಝಡ್, ಬಾಗಲಕೋಟೆಯಲ್ಲಿ. ಪಿಯುಸಿ ಆದ ಮೇಲೆ ಫಿಸಿಕ್ಸ್ ಕಾಟ ತಪ್ಪಿತು ಅಂತ ಕುಣಿದವರಲ್ಲಿ ನಾನೂ ಒಬ್ಬ. ಆ ಖುಷಿಯ ಬೆಲೆಯನ್ನು ಪಿಎಚ್‌ಡಿಯಲ್ಲಿ ಬಡ್ಡಿ ಸಮೇತ ತೆತ್ತೆ.

ಜೇನುನೊಣ ಬಣ್ಣಗಳನ್ನು ಹೇಗೆ ಗುರುತಿಸುತ್ತದೆ ಅನ್ನೋದು ನನ್ನ ವಿಷಯ. ಹುನಗುಂದದ ಹತ್ತಿರ ಸೋದರಮಾವನ ಸೂರ್ಯಪಾನದ, ಅಂದ್ರೆ ಸೂರ್ಯಕಾಂತಿಯ, ಹೊಲ. ಬದುವಿನ ಮೇಲೆ ಟೇಬಲ್ ಹಾಕಿ, ನೀಲಿ ಕಾರ್ಡಿನ ಮೇಲೆ ಸಕ್ಕರೆ ನೀರು ಇಡುತ್ತಿದ್ದೆ. ಸುತ್ತ ಬೂದು ಕಾರ್ಡುಗಳು, ಕೆಲವು ತಿಳಿ, ಕೆಲವು ಗಾಢ. ಜೇನುನೊಣಗಳನ್ನು ಅಧ್ಯಯನ ಮಾಡಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದ ವಿಧಾನ ಇದು. ಬೂದು ಯಾಕೆ ಅಂದ್ರೆ, ನೊಣ ಬಣ್ಣ ನೋಡಿ ಬಂತೋ, ಬರೀ ಬೆಳಕಿನ ಹೆಚ್ಚುಕಡಿಮೆ ನೋಡಿ ಬಂತೋ ಗೊತ್ತಾಗಬೇಕಲ್ವಾ?

ನನ್ನ ಬೂದು ಕಾರ್ಡುಗಳು ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ಎಡವಿದ್ದು ಇಲ್ಲೇ. ಆ ಕಾಗದ ಬೆಳ್ಳಗೆ ಹೊಳೆಯಲಿ ಅಂತ ಒಂದು ರಾಸಾಯನಿಕ ಸೇರಿಸಿರುತ್ತಾರೆ. ಅದು ನೇರಳಾತೀತ ಕಿರಣವನ್ನು ನುಂಗಿ, ನೀಲಿ ಬೆಳಕು ಉಗುಳುತ್ತದೆ. ನಮ್ಮ ಕಣ್ಣಿಗೆ ನೇರಳಾತೀತ ಕಾಣಲ್ಲ, ಹಾಗಾಗಿ ಅದು ಬೂದು. ಜೇನಿಗೆ ಕೆಂಪು ಕಾಣಲ್ಲ, ನೇರಳಾತೀತ ಕಾಣುತ್ತದೆ. ಅದರ ಕಣ್ಣಿನಲ್ಲಿ ನೇರಳಾತೀತ, ನೀಲಿ, ಹಸಿರು ಹೀಗೆ ಮೂರು ಬಗೆಯ ಗ್ರಾಹಕ ಕೋಶಗಳಿವೆ. ಹಾಗಾಗಿ ನಾನು ಬೂದು ಅಂದದ್ದು ಅದಕ್ಕೆ ಬೇರೊಂದು ಬಣ್ಣ. ಸೂರ್ಯಪಾನದ ಹೂವೂ ನಮಗೆ ಪೂರ್ತಿ ಹಳದಿ. ಜೇನಿಗೆ ಎಸಳಿನ ತುದಿ ಒಂದು ಬಣ್ಣ, ಬುಡ ಇನ್ನೊಂದು. ಅದರ ನಡುವೆಯೇ ನಿಂತಿದ್ದೆ, ತಲೆಗೆ ಹೊಳೆಯಲಿಲ್ಲ! ಪ್ರಬಂಧ ನೋಡಿದ ವಿಮರ್ಶಕರು ಒಂದೇ ಸಾಲು ಬರೆದರು: ಕಾರ್ಡುಗಳ ನೇರಳಾತೀತ ಪ್ರತಿಫಲನ ಅಳೆದಿದ್ದೀರಾ? ಅಳೆದಿರಲಿಲ್ಲ. ಅಷ್ಟೂ ದತ್ತಾಂಶ ಕಸಕ್ಕೆ. ಫೆಲೋಶಿಪ್ ಮುಗಿದ ಮೇಲೆ ಕೈಯಿಂದ ದುಡ್ಡು ಹಾಕಿ ಮತ್ತೆ ಅದೇ ಬದುವಿಗೆ ಹೋದೆ.

ನಾನು ಎಡವಿದ್ದು ಜಾಗದಿಂದಲ್ಲ, ಬೆಳಕಿನ ಫಿಸಿಕ್ಸ್ ಗೊತ್ತಿಲ್ಲದೆ. ಹಾಗಾಗಿ ವಿದೇಶವೋ ಇಲ್ಲೋ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ನಕ್ಷತ್ರದ ಬೆಳಕಿನಲ್ಲೂ ಬಣ್ಣ ಗುರುತಿಸುವ, ಮರ ಕೊರೆಯುವ ದುಂಬಿಯ (ಇದೂ ಜೇನಿನ ಬಳಗದ್ದೇ) ಬಗ್ಗೆ 2008ರಲ್ಲಿ ಸಂಶೋಧಕಿ ಹೇಮಾ ಸೋಮನಾಥನ್ ಮತ್ತು ಸಂಗಡಿಗರು ಬರೆದರು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರೂ ಜೊತೆಗಿದ್ದರು, ನಿಜ. ದುಂಬಿ ಮಾತ್ರ ನಮ್ಮ ಸಹ್ಯಾದ್ರಿಯದೇ. ಹೇಮಾ ಅವರು ಈ ಕೆಲಸ ಮುಂದುವರಿಸಿದ್ದು ತಿರುವನಂತಪುರದ ಐಸರ್ ಅನ್ನೋ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲೂ ಕೀಟಗಳ ಮೇಲೆ ಒಳ್ಳೆ ಕೆಲಸ ನಡೆಯುತ್ತದೆ. ಸಂಶೋಧನೆಯ ಫೆಲೋಶಿಪ್‌ಗೆ ಅಂತ ನೆಟ್ ಪರೀಕ್ಷೆ ಹೇಗೂ ಬರೆಯುತ್ತೀರಿ.

ಅದಕ್ಕಿಂತ ಮೊದಲು, ಈ ರಜೆಯಲ್ಲೇ, ನಿಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿಗೆ ಹೋಗಿ, ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರ್ ಮುಂದೆ ಕೂರಿ. ಅದರಲ್ಲಿ ನೇರಳಾತೀತ ಅಳೆಯೋಕಾಗಲ್ಲ, ಆದರೆ ತರಂಗಾಂತರ ಅಂದರೇನು ಅಂತ ಕೈಗೆ ಹತ್ತುತ್ತದೆ. ಝೂಆಲಜಿಯವರಿಗೆ ಇಲ್ಲೇನು ಕೆಲಸ ಅಂತ ಅಲ್ಲಿನ ಸರ್ ಕೇಳಿಯೇ ಕೇಳುತ್ತಾರೆ. ಕೇಳಲಿ ಬಿಡಿ.